83 ಚಿತ್ರಗಳು ಎಲ್ಲಿ ಹೋದವು? ಜಿಲ್ಲೆಯ ಒಬ್ಬ ಕಲಾವಿದರ ಪ್ರಕರಣ

2024ರ ಜನವರಿಯಲ್ಲಿ ಒಂದು ಭಾನುವಾರ ಗದಗ ಜಿಲ್ಲೆಯ ಒಂದು ಊರಿನಲ್ಲಿ ನಾವು ನಾಲ್ಕು ಜನ ಹಳೆಯ ವಿದ್ಯಾರ್ಥಿಗಳು ಸೇರಿದ್ದೆವು. ನಮಗೆ ಹೈಸ್ಕೂಲಿನಲ್ಲಿ ಚಿತ್ರ ಕಲಿಸಿದ ಸರ್‌ಗೆ ಆ ವರ್ಷ 70 ತುಂಬುತ್ತಿತ್ತು. ಅವರು ಮಾಡಿದ ಚಿತ್ರಗಳನ್ನೆಲ್ಲ ಒಂದು ಕಡೆ ಇಟ್ಟು ಧಾರವಾಡದಲ್ಲಿ ಪ್ರದರ್ಶನ ಮಾಡಬೇಕು ಅನ್ನೋದು ನಮ್ಮ ಆಸೆ. ಚಿತ್ರ ಆರಿಸೋಣ ಅಂತ ಮನೆಯ ಮೂರು ಟ್ರಂಕುಗಳನ್ನು ಹೊರಗೆ ಎಳೆದೆವು.

ಮೊದಲನೆಯದರಲ್ಲಿ ಶಾಲುಗಳು. ಎಣಿಸಿದೆವು, 96. ಎರಡನೆಯದರಲ್ಲಿ ಸ್ಮರಣಿಕೆಗಳು, 71. ಕೆಲವುಗಳ ಗಾಜು ಒಡೆದಿತ್ತು, ಕೆಲವುಗಳ ಮೇಲಿನ ಹೆಸರು ಅಳಿಸಿ ಹೋಗಿತ್ತು. ಮೂರನೆಯದರಲ್ಲಿ ಚಿತ್ರಗಳಿದ್ದವು. ಒಂದೊಂದನ್ನೂ ಒಂದೊಂದು ಸನ್ಮಾನದ ಶಾಲಿನಲ್ಲಿ ಸುತ್ತಿ ಇಟ್ಟಿದ್ದರು. ಬಿಚ್ಚುತ್ತಾ ಹೋದೆವು. 34ಕ್ಕೆ ಟ್ರಂಕು ಖಾಲಿ. ಅದರಲ್ಲೂ ಜಾಸ್ತಿ ಸಣ್ಣವು, ಅಭ್ಯಾಸಕ್ಕೆ ಮಾಡಿದವು.

"ಉಳಿದ ಚಿತ್ರ ಎಲ್ಲಿ ಅದಾವ್ರಿ ಸರ್?"

"ಕೊಟ್ಟೀನಲ್ಲೋ. ಕ್ಯಾಂಪಿಗೆ ಹೋದಾಗ ಅಲ್ಲೇ ಬಿಟ್ಟು ಬರೋದಲ್ಲಾ?"

40 ವರ್ಷ ಎಡೆಬಿಡದೆ ಚಿತ್ರ ಬರೆದವರು. ಜಿಲ್ಲೆಯಲ್ಲಿ ಅವರ ಹೆಸರು ಗೊತ್ತಿಲ್ಲದ ಮೇಷ್ಟ್ರಿಲ್ಲ. ಆದರೆ ಅವರ ಮನೆಯಲ್ಲಿ ಸನ್ಮಾನಗಳೆಲ್ಲ ಭದ್ರವಾಗಿದ್ದವು, ಯಾವ ಕೆಲಸಕ್ಕೆ ಸನ್ಮಾನ ಸಿಕ್ಕಿತೋ ಆ ಕೆಲಸವೇ ಇರಲಿಲ್ಲ. ಈ ಬರಹ ಆ ಚಿತ್ರಗಳನ್ನು ಹುಡುಕಿಕೊಂಡು ಹೋದ ಹತ್ತು ತಿಂಗಳ ಕಥೆ. ಸರ್ ಹೆಸರು ಬರೆಯುತ್ತಿಲ್ಲ, ಅವರೇ ಬೇಡ ಅಂದರು.

ಹಿನ್ನೆಲೆ

ಸರ್ ಹುಟ್ಟಿದ್ದು 1954ರಲ್ಲಿ, ನೇಕಾರರ ಮನೆಯಲ್ಲಿ. ಆ ಭಾಗದಲ್ಲಿ ಚಿತ್ರಕಲೆ ಕಲಿಯಲು ಮುಂಬಯಿಗೋ ಬೆಂಗಳೂರಿಗೋ ಹೋಗಲೇಬೇಕು ಅನ್ನುವ ಕಾಲ ಅಷ್ಟರಲ್ಲಿ ಮುಗಿದಿತ್ತು. ಮುಂಬಯಿಯ ಜೆ.ಜೆ. ಸ್ಕೂಲಿನಲ್ಲಿ ಕಲಿತು ಬಂದ ಡಿ.ವಿ. ಹಾಲಭಾವಿಯವರು ಧಾರವಾಡದಲ್ಲಿ, ಟಿ.ಪಿ. ಅಕ್ಕಿಯವರು ಗದಗಿನಲ್ಲಿ ಚಿತ್ರಕಲಾ ಶಾಲೆ ಕಟ್ಟಿದ್ದರು. ಉತ್ತರ ಕರ್ನಾಟಕದ ಎಷ್ಟೋ ಹೈಸ್ಕೂಲುಗಳಿಗೆ ಡ್ರಾಯಿಂಗ್ ಮಾಸ್ತರರು ಬಂದದ್ದು ಇಂಥ ಶಾಲೆಗಳಿಂದಲೇ. ಸರ್ ಕೂಡ ಹಾಗೇ ಬಂದವರು. ಅನುದಾನಿತ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. 2014ರಲ್ಲಿ ನಿವೃತ್ತಿ.

ಅವರದು ಜಲವರ್ಣ. ರಜೆ ಬಂದರೆ ಸೈಕಲ್ಲಿಗೆ ಬೋರ್ಡು ಕಟ್ಟಿಕೊಂಡು ಲಕ್ಕುಂಡಿಯ ಕಡೆಗೋ ಕಪ್ಪತಗುಡ್ಡದ ಕಡೆಗೋ ಹೊರಡುತ್ತಿದ್ದರು. ಗುಡಿಗಳಿಗಿಂತ ಅವರಿಗೆ ಎರೆಹೊಲದ ಮೇಲೆ ಆಸೆ ಜಾಸ್ತಿ. ಮಳೆಗೆ ಮುಂಚಿನ ಎರೆಹೊಲ, ಬಿರುಕು ಬಿಟ್ಟ ಎರೆಹೊಲ, ಜೋಳ ಕೊಯ್ದ ಮೇಲಿನ ಎರೆಹೊಲ.

ಅವರ ಪಾಠ ಹೇಗಿರುತ್ತಿತ್ತು ಅಂತ ಹೇಳಲೇಬೇಕು. ಮಕ್ಕಳ ಕಮ್ಮಟಕ್ಕೆ ಹೋದ ಕೂಡಲೇ ಮೊದಲ ಮಾತು: "ಕರಿ ಟ್ಯೂಬ್ ಮುಚ್ಚಿಡ್ರೋ. ಎರಿ ಮಣ್ಣು ಕರಿ ಅಲ್ಲ." ಆಮೇಲೆ ತಟ್ಟೆಯಲ್ಲಿ ಅಲ್ಟ್ರಾಮರೀನ್ ನೀಲಿ, ಅದರ ಪಕ್ಕ ಬರ್ನ್ಟ್ ಅಂಬರ್. ಎರಡನ್ನೂ ಕುಂಚದ ತುದಿಯಲ್ಲಿ ಸೇರಿಸುತ್ತಾರೆ, ಪೂರ್ತಿ ಕಲೆಸುವುದಿಲ್ಲ. ಒದ್ದೆ ಕಾಗದದ ಮೇಲೆ ಒಂದೇ ಎಳೆತ. ನೀಲಿ ಒಂದು ಕಡೆ ಸರಿಯುತ್ತದೆ, ಕಂದು ಒಂದು ಕಡೆ ಕೂರುತ್ತದೆ. ಒಣಗುವ ಹೊತ್ತಿಗೆ ಅಲ್ಲಿ ನಿಜವಾದ ಹೊಲ ಇರುತ್ತದೆ. ಏಳನೇ ಕ್ಲಾಸಿನಲ್ಲಿ ಇದನ್ನು ಮೊದಲ ಸಲ ನೋಡಿದಾಗ ನನಗೆ ಮೈ ಜುಮ್ ಅಂದಿತ್ತು. ಇವತ್ತಿಗೂ ಊರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಹೊಲ ನೋಡಿದರೆ ಆ ಎರಡು ಬಣ್ಣ ಬೇರೆ ಬೇರೆಯಾಗಿ ಕಾಣುತ್ತವೆ.

ಶಿಬಿರ ನಡೆಯುವ ರೀತಿ

ಜಿಲ್ಲೆಯ ಕಲಾವಿದರ ಬದುಕು ಗೊತ್ತಿಲ್ಲದವರಿಗೆ ಶಿಬಿರ ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಯಾವುದೋ ಸಂಸ್ಥೆಯೋ, ಮಠವೋ, ಕಾಲೇಜೋ, ಉತ್ಸವ ಸಮಿತಿಯೋ ಹತ್ತಿಪ್ಪತ್ತು ಕಲಾವಿದರನ್ನು ಕರೆಯುತ್ತದೆ. ಮೂರು ದಿನ, ಐದು ದಿನ. ಕ್ಯಾನ್ವಾಸು, ಬಣ್ಣ, ಊಟ, ವಸತಿ ಅವರದು. ಕೊನೆಗೆ ಒಂದಿಷ್ಟು ಗೌರವಧನ. ಕಲಾವಿದರು ಅಲ್ಲಿ ಮಾಡಿದ ಒಂದೋ ಎರಡೋ ಚಿತ್ರವನ್ನು ಸಂಘಟಕರಿಗೆ ಬಿಟ್ಟು ಬರಬೇಕು. ಕೊನೆಯ ದಿನ ಎಲ್ಲ ಚಿತ್ರಗಳನ್ನೂ ಸಾಲಾಗಿ ಇಟ್ಟು ಪ್ರದರ್ಶನ. ಅತಿಥಿಗಳು ಬರುತ್ತಾರೆ, ಶಾಲು ಹೊದಿಸುತ್ತಾರೆ, ಫೋಟೊ ತೆಗೆಯುತ್ತಾರೆ. ಮರುದಿನ ಪೇಪರಿನಲ್ಲಿ ಸುದ್ದಿ ಬರುತ್ತದೆ.

ಇದು ಕೆಟ್ಟ ಪದ್ಧತಿ ಅಂತ ನಾನು ಹೇಳುವುದಿಲ್ಲ. ಸರ್‌ಗೆ ದೊಡ್ಡ ಕ್ಯಾನ್ವಾಸಿನ ಮೇಲೆ ಕೆಲಸ ಮಾಡಲು ಸಿಕ್ಕಿದ್ದೇ ಶಿಬಿರಗಳಲ್ಲಿ. ಮಾಸ್ತರಿಕೆಯ ಸಂಬಳದಲ್ಲಿ ನಾಲ್ಕು ಅಡಿ ಕ್ಯಾನ್ವಾಸು, ಅಕ್ರಿಲಿಕ್ ಬಣ್ಣ ಕೊಳ್ಳುವುದು ಸುಲಭ ಇರಲಿಲ್ಲ. ಬೇರೆ ಊರಿನ ಕಲಾವಿದರ ಜೊತೆ ರಾತ್ರಿ ಎಲ್ಲ ಕೂತು ಮಾತಾಡಿದ್ದೂ ಅಲ್ಲೇ. ಮನೆಯಲ್ಲಿ ಮಾಡಿದ್ದು ಅರ್ಧ ಶೀಟಿನ ಚಿತ್ರಗಳು, ಅಂದರೆ 15 ಇಂಚಿಗೆ 22 ಇಂಚು. ಎದೆ ತುಂಬಿ ಮಾಡಿದ್ದು ಶಿಬಿರದಲ್ಲಿ. ಹಾಗಾಗಿಯೇ ಅವರ ಒಳ್ಳೆಯ ಕೆಲಸವೆಲ್ಲ ಹೊರಗೇ ಉಳಿಯಿತು.

ಸ್ವಂತ ಪ್ರದರ್ಶನದ ಲೆಕ್ಕ ಬೇರೆ. ಫ್ರೇಮು, ಗ್ಯಾಲರಿ ಬಾಡಿಗೆ, ಆಮಂತ್ರಣ, ಟೆಂಪೊ ಎಲ್ಲ ಕೈಯಿಂದಲೇ. ಐದು ಏಕವ್ಯಕ್ತಿ ಪ್ರದರ್ಶನ ಮಾಡಿದರು. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಜನವರಿಯ ಒಂದು ಭಾನುವಾರ ನಡೆಯುವ ಚಿತ್ರಸಂತೆಗೆ ಎರಡು ಸಲ ಹೋಗಿ ಕೂತರು. ಅಲ್ಲಿ ಸಣ್ಣ ಜಲವರ್ಣಗಳು ಮಾರಾಟವಾದವು, ಬಸ್ಸಿನ ಖರ್ಚು ಕಳೆದು ಸ್ವಲ್ಪ ಉಳಿಯಿತು. ಜಿಲ್ಲಾ ರಾಜ್ಯೋತ್ಸವ ಪ್ರಶಸ್ತಿಯೂ ಬಂತು. ಆ ದಿನ ಊರಿನಲ್ಲಿ ಮೆರವಣಿಗೆಯೇ ಆಯಿತು. ಸರ್‌ಗೆ ಖುಷಿಯಾಗಿತ್ತು, ನಮಗೂ ಆಗಿತ್ತು. ಅದನ್ನು ಸಣ್ಣದು ಅಂತ ನಾನು ಯಾವತ್ತೂ ಅನ್ನಲಾರೆ. ಮೇಷ್ಟ್ರೊಬ್ಬರನ್ನು ಹೂವಿನ ಹಾರ ಹಾಕಿ ಓಣಿ ಓಣಿ ಸುತ್ತಿಸುವ ಊರು ಒಳ್ಳೆಯ ಊರೇ.

ಹುಡುಕಾಟ

ಮೊದಲ ತೊಡಕು, ಪಟ್ಟಿಯೇ ಇಲ್ಲ. ಯಾವ ಚಿತ್ರ, ಯಾವ ಊರು, ಯಾರ ಕೈಗೆ, ಒಂದೂ ಬರೆದಿಟ್ಟಿಲ್ಲ. ಫೋಟೊಗಳಲ್ಲಿ ಸನ್ಮಾನದ ಫೋಟೊಗಳೇ ಎಲ್ಲ. ಒಂದರಲ್ಲಿ ಅತಿಥಿಗಳ ಹೆಗಲ ಹಿಂದೆ ಚಿತ್ರದ ಒಂದು ಮೂಲೆ ಕಾಣುತ್ತದೆ, ಅಷ್ಟೇ.

ದಾರಿ ತೋರಿಸಿದ್ದು ಸರ್ ಮನೆಯವರು, ನಮಗೆಲ್ಲ ಅಮ್ಮಾರು. "ಡೈರಿ ನೋಡ್ರಲ್ಲಾ" ಅಂದರು. ಸರ್ ದಿನದ ಖರ್ಚು ಬರೆಯುತ್ತಿದ್ದ ಡೈರಿಗಳು ಅಟ್ಟದ ಮೇಲಿದ್ದವು. ಚಿತ್ರದ ಬಗ್ಗೆ ಒಂದು ಸಾಲೂ ಇಲ್ಲ. ಆದರೆ ಬಸ್ ಚಾರ್ಜು ಇದೆ. "ಬಾಗಲಕೋಟಿ ಹೋಗಿ ಬಂದದ್ದು", "ಚಹಾ", "ಕ್ಯಾಂಪ್ 3 ದಿನ". ನಾವು ಬಸ್ ಚಾರ್ಜು ಹಿಡಿದುಕೊಂಡು ಶಿಬಿರಗಳ ಪಟ್ಟಿ ಮಾಡಿದೆವು. 1985ರಿಂದ 2019ರ ತನಕ 57 ಶಿಬಿರ. ಒಂದೊಂದರಲ್ಲಿ ಒಂದೋ ಎರಡೋ ಚಿತ್ರ ಬಿಟ್ಟದ್ದು ನೆನಪು ಮಾಡಿಸಿ, ಜೊತೆಗಿದ್ದ ಕಲಾವಿದರಿಗೆ ಫೋನು ಮಾಡಿ ಕೇಳಿ ತಾಳೆ ನೋಡಿದಾಗ ಲೆಕ್ಕ 83ಕ್ಕೆ ನಿಂತಿತು.

ಆಮೇಲೆ ಪತ್ರ, ಫೋನು, ರಜೆಯ ದಿನ ಬಸ್ಸು. ಎಷ್ಟೋ ಕಡೆ ಶಿಬಿರ ಮಾಡಿಸಿದ ಅಧ್ಯಕ್ಷರು ತೀರಿಕೊಂಡಿದ್ದರು. ಕೆಲವು ಕಡೆ ಸಂಸ್ಥೆಯೇ ಇರಲಿಲ್ಲ. ಒಂದು ಬ್ಯಾಂಕಿನ ಶಾಖೆ ಬೇರೆ ಕಟ್ಟಡಕ್ಕೆ ಹೋಗುವಾಗ ಹಳೆಯ ಫ್ರೇಮುಗಳನ್ನೆಲ್ಲ ಗುಜರಿಗೆ ಹಾಕಿತ್ತು. ಒಂದು ಕಡೆ ನಾಲ್ಕು ಅಡಿಯ ಕ್ಯಾನ್ವಾಸನ್ನು ಕಟ್ಟಿಗೆಯ ಚೌಕಟ್ಟಿನಿಂದ ಬಿಚ್ಚಿ, ಹಾಸಿಗೆಯ ಚಾದರದ ಹಾಗೆ ನಾಲ್ಕು ಮಡಿಕೆ ಮಾಡಿ ಕಪಾಟಿನಲ್ಲಿ ಇಟ್ಟಿದ್ದರು. ಬಿಚ್ಚಿದಾಗ ಮಡಿಕೆಯ ಗೆರೆಗುಂಟ ಬಣ್ಣ ಬಿರುಕು ಬಿಟ್ಟಿತ್ತು. ಅದನ್ನು ಇಟ್ಟವರಿಗೆ ಬೇಜವಾಬ್ದಾರಿ ಇರಲಿಲ್ಲ, ಜೋಪಾನ ಮಾಡಬೇಕು ಅಂತಲೇ ಮಡಚಿದ್ದು. ಕ್ಯಾನ್ವಾಸನ್ನು ಮಡಚಬಾರದು, ಸುತ್ತಲೇಬೇಕಾದರೆ ದಪ್ಪ ಕೊಳವೆಗೆ ಬಣ್ಣದ ಮೈ ಹೊರಗೆ ಬರುವ ಹಾಗೆ ಸುತ್ತಬೇಕು ಅಂತ ಅವರಿಗೆ ಹೇಳುವವರು ಯಾರೂ ಇರಲಿಲ್ಲ.

ಸಿಕ್ಕಿದ್ದು 26. ಅದರಲ್ಲಿ ಚೆನ್ನಾಗಿ ಉಳಿದದ್ದು 11.

ಒಂದು ಚಿತ್ರದ ಬಗ್ಗೆ ಬರೆಯದೆ ಇರಲಾರೆ. 1987ರ ಶಿಬಿರದ್ದು. ಒಂದು ಕಚೇರಿಯ ಮೊಗಸಾಲೆಯಲ್ಲಿ, ಪಶ್ಚಿಮದ ಕಿಟಕಿಗೆ ಎದುರಾಗಿ ಮೂವತ್ತು ವರ್ಷಕ್ಕೂ ಜಾಸ್ತಿ ತೂಗಿದ್ದ ಫುಲ್ ಶೀಟ್ ಜಲವರ್ಣ. ಎರೆಹೊಲದ ಬದುವಿನ ಮೇಲೆ ಬುತ್ತಿ ಹೊತ್ತು ನಡೆಯುವ ಮೂವರು ಹೆಂಗಸರು. ಹೊಲ ಹಾಗೇ ಇದೆ, ನಿನ್ನೆ ಮಾಡಿದ ಹಾಗೆ. ಆದರೆ ಹೆಂಗಸರ ಇಳಕಲ್ ಸೀರೆಯ ಸೆರಗು ಬರಿ ಬಿಳಿ. ನಾನು ಸೆರಗನ್ನು ಬಿಳಿ ಬಿಟ್ಟೇ ಮಾಡಿದ್ದಾರೆ ಅಂದುಕೊಂಡೆ. ಮೊಬೈಲಿನಲ್ಲಿ ಫೋಟೊ ತೋರಿಸಿದಾಗ ಸರ್ ಬಹಳ ಹೊತ್ತು ಸುಮ್ನೆ ಕೂತರು. "ಸೆರಗು ಹೋತಲ್ಲೋ" ಅಂದರು.

ಕಾರಣ ಬಣ್ಣದಲ್ಲೇ ಇದೆ. ಅಂಬರ್ ಮಣ್ಣಿನಿಂದ ಬರುವ ಬಣ್ಣ, ಬಿಸಿಲಿಗೆ ಜಗ್ಗುವುದಿಲ್ಲ. ಅಲ್ಟ್ರಾಮರೀನ್ ಕೂಡ ಬೆಳಕಿಗೆ ಚೆನ್ನಾಗಿ ತಾಳುತ್ತದೆ. ಆದರೆ ಆಗ ಸರ್ ಬಳಸುತ್ತಿದ್ದ ಕ್ರಿಮ್ಸನ್ ಕೆಂಪು ಬೆಳಕಿಗೆ ಬಿದ್ದರೆ ಹಾರಿ ಹೋಗುವ ಬಣ್ಣ, ಅದೂ ತೆಳುವಾಗಿ ಹಚ್ಚಿದರೆ ಇನ್ನೂ ಬೇಗ. ಈಗ ಒಳ್ಳೆಯ ಬಣ್ಣದ ಟ್ಯೂಬಿನ ಮೇಲೆ ಅದು ಬೆಳಕಿಗೆ ಎಷ್ಟು ತಾಳುತ್ತದೆ ಅನ್ನುವ ಗುರುತು ಇರುತ್ತದೆ. ಆಗ ತಾಲೂಕಿನ ಸ್ಟೇಷನರಿ ಅಂಗಡಿಯಲ್ಲಿ ಯಾವ ಟ್ಯೂಬು ಸಿಕ್ಕಿತೋ ಅದೇ ಬಣ್ಣ.

ಕೊಟ್ಟ ಮೇಲೆ ಯಾರದು?

ಹುಡುಕಾಟದ ನಡುವೆ ಇನ್ನೊಂದು ಸಂಗತಿ ಗೊತ್ತಾಯಿತು. ಒಂದು ಸಂಸ್ಥೆ ಸರ್ ಮಾಡಿದ ಚಿತ್ರವನ್ನು ಹಲವು ವರ್ಷದ ಹಿಂದೆ ಕ್ಯಾಲೆಂಡರಿಗೆ ಅಚ್ಚು ಹಾಕಿಸಿತ್ತು. ಕೆಳಗೆ ಹೆಸರಿಲ್ಲ, ಸರ್‌ಗೆ ಒಂದು ಪ್ರತಿಯೂ ಬಂದಿಲ್ಲ. ಕೇಳಿದರೆ, "ಚಿತ್ರ ನಮಗೇ ಕೊಟ್ಟಿದ್ದರಲ್ಲ" ಅಂದರು. ಅವರು ಪ್ರಾಮಾಣಿಕವಾಗಿಯೇ ಹಾಗೆ ತಿಳಿದಿದ್ದರು. ಜಾಸ್ತಿ ಕಲಾವಿದರೂ ಹಾಗೇ ತಿಳಿದಿರುತ್ತಾರೆ.

ಕಾನೂನು ಹಾಗಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರ ಕೊಡುವುದು ಬೇರೆ, ಅದರ ಕೃತಿಸ್ವಾಮ್ಯ ಕೊಡುವುದು ಬೇರೆ. ಕೃತಿಸ್ವಾಮ್ಯ ಬಿಟ್ಟುಕೊಡಬೇಕಾದರೆ ಅದು ಬರಹದಲ್ಲಿ ಇರಬೇಕು, ಸಹಿ ಇರಬೇಕು. ಇಲ್ಲದಿದ್ದರೆ ಸಾಮಾನ್ಯವಾಗಿ ಅದು ಕಲಾವಿದರು ಬದುಕಿರುವ ತನಕ ಅವರ ಹತ್ತಿರ, ಆಮೇಲೆ 60 ವರ್ಷ ಅವರ ಮನೆಯವರ ಹತ್ತಿರವೇ ಉಳಿಯುತ್ತದೆ. ದುಡ್ಡು ಕೊಟ್ಟು ಹೇಳಿ ಮಾಡಿಸಿದ ಚಿತ್ರಕ್ಕೆ ಮಾತ್ರ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಡಿಸಿದವರದೇ ಕೃತಿಸ್ವಾಮ್ಯ. ಇದೇ ಕಾಯ್ದೆಯ 57ನೇ ಕಲಂ ಇನ್ನೊಂದು ಹಕ್ಕು ಕೊಡುತ್ತದೆ. ಕೃತಿಯನ್ನು ಮಾಡಿದವರು ತಾವೇ ಅಂತ ಹೇಳಿಕೊಳ್ಳುವ ಹಕ್ಕು, ತಮ್ಮ ಗೌರವಕ್ಕೆ ಕುಂದು ಬರುವ ಹಾಗೆ ಅದನ್ನು ಕೆಡಿಸಿದರೆ ಕೇಳುವ ಹಕ್ಕು. ಕೃತಿಸ್ವಾಮ್ಯ ಮಾರಿದರೂ ಈ ಹಕ್ಕು ಕಲಾವಿದರ ಜೊತೆಗೇ ಇರುತ್ತದೆ.

ದೆಹಲಿಯ ವಿಜ್ಞಾನ ಭವನದ ಗೋಡೆಗೆ ಶಿಲ್ಪಿ ಅಮರನಾಥ್ ಸೆಹಗಲ್ ಮಾಡಿದ್ದ ದೊಡ್ಡ ಕಂಚಿನ ಉಬ್ಬುಶಿಲ್ಪವನ್ನು 1979ರಲ್ಲಿ ಕಟ್ಟಡದ ದುರಸ್ತಿ ಸಮಯದಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಿದ್ದರು. ಅವರು ಕೋರ್ಟಿಗೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟು ಶಿಲ್ಪವನ್ನು ಅವರಿಗೆ ವಾಪಸ್ ಕೊಡಬೇಕು, 5 ಲಕ್ಷ ರೂಪಾಯಿ ಪರಿಹಾರವನ್ನೂ ಕೊಡಬೇಕು ಅಂತ ತೀರ್ಪು ಕೊಟ್ಟಿತು. ಈ ಪ್ರಕರಣವನ್ನು ನಾನು ಸರ್‌ಗೆ ಓದಿ ಹೇಳಿದೆ.

ಅವರು ಒಪ್ಪಲಿಲ್ಲ. "ಕೊಟ್ಟ ಮ್ಯಾಲ ಲೆಕ್ಕ ಕೇಳಬಾರದಪಾ. ಅವರು ಉಣ್ಣಾಕ ಹಾಕ್ಯಾರ, ಮಲಗಾಕ ಜಾಗಾ ಕೊಟ್ಟಾರ. ನಾ ಚಿತ್ರ ಕೊಟ್ಟೀನಿ. ಮುಗೀತು."

ಗುರುಗಳ ಮಾತನ್ನು ನಾನು ಅಷ್ಟಾಗಿ ಮೀರಿದವನಲ್ಲ. ಆದರೆ ಇಲ್ಲಿ ಅವರ ಮಾತು ಸರಿ ಅಂತ ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಲೆಕ್ಕ ಕೇಳುವುದು ರೊಕ್ಕ ಕೇಳಿದ ಹಾಗಲ್ಲ. ಮದುವೆ ಮಾಡಿ ಕೊಟ್ಟ ಮಗಳು ಹೇಗಿದ್ದಾಳೆ ಅಂತ ಕೇಳುತ್ತೇವೆ ಅಲ್ವಾ? ಚಿತ್ರಕಾರ ಕೆ. ವೆಂಕಟಪ್ಪನವರ ಹೆಸರಿನಲ್ಲಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಗ್ಯಾಲರಿ ಇದೆ. ಅವರು ತೀರಿಕೊಂಡದ್ದು 1965ರಲ್ಲಿ, ಆದರೂ ಅವರ ಕೆಲಸ ನೋಡಬೇಕು ಅನ್ನುವವರಿಗೆ ಒಂದು ವಿಳಾಸ ಇದೆ. ತಾಲೂಕಿನ ಡ್ರಾಯಿಂಗ್ ಮಾಸ್ತರರಿಗೆ ಅಂಥ ವಿಳಾಸ ಯಾರೂ ಕಟ್ಟಿಕೊಡುವುದಿಲ್ಲ. ಕಡೇಪಕ್ಷ ಒಂದು ನೋಟ್‌ಬುಕ್ಕಾದರೂ ಇರಬೇಕು.

ನಾವು ಒಂದು ಹಾಳೆಯ ನಮೂನೆ ಮಾಡಿದೆವು. ಚಿತ್ರದ ಹೆಸರು, ಅಳತೆ, ಮಾಧ್ಯಮ, ವರ್ಷ, ಒಂದು ಫೋಟೊ. ಯಾರು ತೆಗೆದುಕೊಂಡರು, ಎಲ್ಲಿ ಇಡುತ್ತಾರೆ. ಅಚ್ಚು ಹಾಕಿಸುವ ಮುಂಚೆ ಕೇಳುತ್ತೇವೆ, ಹೆಸರು ಹಾಕುತ್ತೇವೆ. ಕಲಾವಿದರ ಪ್ರದರ್ಶನ ಇದ್ದಾಗ ಕೆಲವು ದಿನಕ್ಕೆ ಕೊಡುತ್ತೇವೆ. ಜಾಗ ಬದಲಾದರೆ, ಬೇಡ ಅನ್ನಿಸಿದರೆ ಮೊದಲು ಕಲಾವಿದರಿಗೆ ತಿಳಿಸುತ್ತೇವೆ. ಕೆಳಗೆ ಇಬ್ಬರ ಸಹಿ. ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ, ಮಡಚಬೇಡಿ ಅಂತ ಮೂರು ಸಾಲು ಹಿಂದಿನ ಪುಟದಲ್ಲಿ.

ಆ ವರ್ಷ ಆಗಸ್ಟಿನಲ್ಲಿ ಸರ್ ಒಂದು ಶಿಬಿರಕ್ಕೆ ಹೊರಟಾಗ ನಾನೇ ಜೊತೆಗೆ ಹೋದೆ. ಹಾಳೆಯನ್ನು ಸರ್ ಕೊಡಲಿಲ್ಲ, ಸಂಕೋಚ. ನಾನೇ ಕೊಟ್ಟೆ. ಸಂಘಟಕರು ಒಂದು ಸಲ ಓದಿ, ಸಹಿ ಮಾಡಿ, "ಇನ್ನೂ ಹದಿನಾಲ್ಕು ಪ್ರತಿ ಇದ್ರೆ ಕೊಡ್ರಿ, ಎಲ್ಲರ ಚಿತ್ರಕ್ಕೂ ಮಾಡೋಣ" ಅಂದರು. ಇಷ್ಟು ವರ್ಷ ಅವರನ್ನು ಯಾರೂ ಕೇಳಿರಲೇ ಇಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಸರ್ ಆ ಹಾಳೆಯನ್ನು ಮೂರು ಸಲ ತೆಗೆದು ನೋಡಿದರು. ಏನೂ ಅನ್ನಲಿಲ್ಲ.

ಖಾನಾವಳಿಯ ಚಿತ್ರ

ಡೈರಿಗಳಲ್ಲಿ ಇನ್ನೊಂದು ಸಾಲು ಸಿಕ್ಕಿತ್ತು. "ಖಾನಾವಳಿ ಬಾಕಿ ಚುಕ್ತಾ. ಚಿತ್ರ." ಇದು ಶಿಬಿರದ್ದಲ್ಲ. ಸರ್ ಆಗ ಬೇರೆ ಊರಿನಲ್ಲಿ ಒಬ್ಬರೇ ರೂಮು ಮಾಡಿಕೊಂಡು ಇದ್ದರು. ಸಂಬಳ ಮೂರು ತಿಂಗಳು ತಡವಾಗಿತ್ತು. ದಿನಾ ಎರಡು ಹೊತ್ತು ರೊಟ್ಟಿ ಊಟ ಹಾಕುತ್ತಿದ್ದ ಖಾನಾವಳಿಯವರಿಗೆ ರೊಕ್ಕದ ಬದಲು ಒಂದು ಚಿತ್ರ ಕೊಟ್ಟು ಬಂದಿದ್ದರು. ಡೈರಿಯ ಆ ಪುಟ ಹರಿದಿತ್ತು, ತಾರೀಖು ಇರಲಿಲ್ಲ.

ಆ ಖಾನಾವಳಿ ಈಗಲೂ ಇದೆ. ಮಗ ನಡೆಸುತ್ತಾರೆ. ನಾವು ಹೋಗಿ ಕೇಳಿದ ಕೂಡಲೇ ಅವರು ಕೈ ಒರೆಸಿಕೊಂಡು ಒಳಗೆ ಕರೆದರು. ಒಲೆಯ ಕೋಣೆ ದಾಟಿ, ನಡುಮನೆ ದಾಟಿ, ಹಿಂದಿನ ಕೋಣೆ. ಜೋಳದ ಚೀಲಗಳ ಮೇಲುಗಡೆ ಗೋಡೆಯಲ್ಲಿ ಒಂದು ಹಳೆಯ ಖಣದ ಬಟ್ಟೆ ಇಳಿಬಿಟ್ಟಿತ್ತು. ಅದನ್ನು ಎತ್ತಿದರು. ಕಣದಲ್ಲಿ ಜೋಳ ತೂರುತ್ತಿರುವ ಹೆಂಗಸು. ಗಾಳಿಗೆ ಹಾರಿದ ಹೊಟ್ಟು. ಹಿಂದೆ ಎರೆಹೊಲ. ಹೆಗಲಿನಿಂದ ಜಾರಿದ ಸೆರಗು, ಕೆಂಪು. ಕಣ್ಣಿಗೆ ಹೊಡೆಯುವ ಕೆಂಪು.

ಅವರ ಅವ್ವ ಹೊಗೆ ಬಡಿಯುತ್ತದೆ ಅಂತ ಚಿತ್ರವನ್ನು ಹಿಂದಿನ ಕೋಣೆಗೆ ಹಾಕಿಸಿ, ಧೂಳು ಬೀಳದಿರಲಿ ಅಂತ ಬಟ್ಟೆ ಇಳಿಬಿಟ್ಟಿದ್ದರಂತೆ. ದೀಪಾವಳಿಗೆ, ಮನೆಗೆ ಬೀಗರು ಬಂದಾಗ ಮಾತ್ರ ಬಟ್ಟೆ ಎತ್ತುತ್ತಿದ್ದರು. ಕಚೇರಿಯ ಗೋಡೆಯಲ್ಲಿ ಹಾರಿ ಹೋದ ಅದೇ ಬಣ್ಣ ಜೋಳದ ಕೋಣೆಯ ಕತ್ತಲೆಯಲ್ಲಿ ಉಳಿದಿತ್ತು.

ನವೆಂಬರಿನಲ್ಲಿ ಧಾರವಾಡದಲ್ಲಿ ಮೂರು ದಿನ ಪ್ರದರ್ಶನ ಆಯಿತು. ಮನೆಯ 22, ಶಿಬಿರಗಳಿಂದ ಎರವಲು ತಂದ 9, ಬೇರೆಯವರ ಮನೆಯ 5, ಒಟ್ಟು 36 ಚಿತ್ರ. ಸೆರಗು ಹೋದ ಚಿತ್ರವನ್ನು ಹಾಕುವುದು ಬೇಡ ಅಂತ ನಮ್ಮಲ್ಲಿ ಇಬ್ಬರು ಹೇಳಿದರು. ಸರ್ ಹಾಕಿ ಅಂದರು. ಬುತ್ತಿ ಹೊತ್ತ ಮೂವರು ಹೆಂಗಸರನ್ನೂ ಜೋಳ ತೂರುವ ಹೆಂಗಸನ್ನೂ ಅಕ್ಕಪಕ್ಕ ತೂಗುಹಾಕಿದೆವು. ನೋಡಲು ಬಂದ ಕಲಾ ಶಾಲೆಯ ಹುಡುಗರು ಅಲ್ಲೇ ಜಾಸ್ತಿ ಹೊತ್ತು ನಿಂತರು. ಸರ್ ಪ್ರತಿಯೊಬ್ಬರಿಗೂ ಟ್ಯೂಬಿನ ಮೇಲಿನ ಗುರುತು ಓದುವುದನ್ನು ಹೇಳಿಕೊಟ್ಟರು.

ಕೊನೆಯ ದಿನ ಸಂಜೆ ಖಾನಾವಳಿಯವರು ಚಿತ್ರ ಒಯ್ಯಲು ಬಂದರು. ಸುತ್ತಿಕೊಂಡು ಹೋಗಲು ಅದೇ ಖಣದ ಬಟ್ಟೆ ತಂದಿದ್ದರು. ನಾನು ನಮೂನೆಯ ಹಾಳೆ ಹಿಡಿದು ತುಂಬುತ್ತಿದ್ದೆ. ಹೆಸರು ಬರೆದೆ, ಅಳತೆ ಬರೆದೆ. ವರ್ಷದ ಜಾಗಕ್ಕೆ ಬಂದು ನಿಂತೆ.

ಸರ್ ಫ್ರೇಮನ್ನು ಬೋರಲು ಹಾಕಿ, ಹಿಂದಿನ ರಟ್ಟಿನ ಮೇಲೆ ಪೆನ್ಸಿಲ್ ಇಟ್ಟುಕೊಂಡು ಯೋಚಿಸುತ್ತಿದ್ದರು. "ಇದನ್ನ ಯಾವ ವರ್ಷ ಮಾಡೀನಿ?"

"ನಾ ಹುಟ್ಟಿದ ವರ್ಷ ಅಂತ ನಮ್ಮವ್ವ ಹೇಳ್ತಿದ್ದಳ್ರಿ ಸರ್" ಅಂದರು ಖಾನಾವಳಿಯವರು. "ನನ್ನ ತೊಟ್ಟಿಲ ಮ್ಯಾಲಿನ ಗ್ವಾಡಿಗೇ ಹಾಕಿದ್ದಳಂತ. ಎಂಬತ್ತಾರು."

ಸರ್ 1986 ಅಂತ ಬರೆದು, ಕೆಳಗೆ ಸಹಿ ಮಾಡಿದರು.